ಕೆಲಸದ ನಡುವಿನ ಪ್ರಾರ್ಥನೆಗೆ ಗಡಿಯಾರ ಬೇಡ

ನಾಸಿಕದ ಸಾತಪುರ ಎಂ.ಐ.ಡಿ.ಸಿ. ಪರಿಸರದಲ್ಲಿ ಉದ್ಯೋಗ ನಿಮಿತ್ತ ನೆಲೆಸಿರುವ ಕನ್ನಡಿಗರಲ್ಲಿ ಕ್ರೈಸ್ತ ಬಾಂಧವರೂ ಇದ್ದಾರೆ. ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ ಕಡೆಯಿಂದ ಬಂದವರು ಕೆಲವರಾದರೆ ಮಂಗಳೂರು-ಉಡುಪಿ ಕಡೆಯವರು ಇನ್ನು ಕೆಲವರು. ಬೆಂಗಳೂರಿನ ಮೈಕೋ ಕಂಪನಿ ಇಲ್ಲಿ ಕಾರ್ಖಾನೆ ತೆರೆದಂದಿನಿಂದ ಸಾತಪುರಕ್ಕೂ ಕರ್ನಾಟಕಕ್ಕೂ ನಂಟಿದೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಮೈಕೋ ಸರ್ಕಲ್ ಮಾತ್ರ ಜನರ ಬಾಯಲ್ಲಿ ಮೈಕೋ ಸರ್ಕಲ್ ಆಗಿಯೇ ಉಳಿದಿದೆ.

ಈ ಕುಟುಂಬಗಳಿಗೆ ಭಾನುವಾರದ ಆರಾಧನೆ ಇದೆ, ಸಂಜೆಯ ಮನೆ ಪ್ರಾರ್ಥನೆ ಇದೆ. ಆದರೆ ಕಷ್ಟವು ಭಾನುವಾರಕ್ಕಾಗಿ ಕಾಯುವುದಿಲ್ಲ. ಕಂತ್ರಾಟು ಮುಗಿಯಿತು, ನಾಳೆಯಿಂದ ಬರಬೇಡಿ ಎಂಬ ಮಾತು ಬೆಳಗ್ಗೆ ಹನ್ನೊಂದು ಗಂಟೆಗೆ ಬರುತ್ತದೆ. ಊರಿನಲ್ಲಿ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಊಟದ ಡಬ್ಬಿ ಬಿಚ್ಚುವಾಗ ಬರುತ್ತದೆ. ಎರಡು ಕಂತು ಬಾಕಿ ಬಿದ್ದ ಮನೆಯವರಿಗಂತೂ ಫೋನು ಯಾವ ಹೊತ್ತಿನಲ್ಲಿ ಹೊಡೆದುಕೊಂಡರೂ ಎದೆ ಝಲ್ಲೆನ್ನುತ್ತದೆ. ಅಂತಹ ಹಗಲಿನಲ್ಲಿ ವಿಶ್ವಾಸಿಯಾದವನು ಏನು ಮಾಡಬೇಕು? ಮೊಣಕಾಲೂರಲು ಸ್ಥಳವಿಲ್ಲ. ಪ್ರೆಸ್ ಮಶೀನಿನ ಮುಂದೆ ನಿಂತವನು ಕಣ್ಣು ಮುಚ್ಚಿದರೆ ಬೆರಳು ಹೋದೀತು.

ಹಗಲಿನ ಪ್ರಾರ್ಥನೆಗೆ ಸಂಪ್ರದಾಯದ ಬಲ ಬೇಕಾದಷ್ಟಿದೆ. ದಾನಿಯೇಲನು ದಿನಕ್ಕೆ ಮೂರು ಬಾರಿ ಪ್ರಾರ್ಥಿಸುತ್ತಿದ್ದನು. ಪೇತ್ರನು ಯೊಪ್ಪ ಪಟ್ಟಣದಲ್ಲಿ ನಡುಹಗಲು ಮಾಳಿಗೆ ಹತ್ತಿದ್ದು ಪ್ರಾರ್ಥನೆಗಾಗಿಯೇ. ಕಥೋಲಿಕರಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆಯ ತ್ರಿಕಾಲ ಪ್ರಾರ್ಥನೆಯ ಪದ್ಧತಿ ಇದೆ. ಇವೆಲ್ಲ ಹೊತ್ತು ಗೊತ್ತಿರುವ ಪ್ರಾರ್ಥನೆಗಳು. ಶಿಫ್ಟಿನಲ್ಲಿ ದುಡಿಯುವವರಿಗೆ ಇದಕ್ಕಿಂತ ಹತ್ತಿರದವನು ನೆಹೆಮೀಯ.

ಆತನೂ ಹೊರನಾಡಿನಲ್ಲಿ ದುಡಿಯಲು ನಿಂತವನೇ. ಪರ್ಷಿಯದ ಅರ್ತಷಸ್ತ ರಾಜನ ಅರಮನೆಯಲ್ಲಿ ದ್ರಾಕ್ಷಾರಸ ಬಡಿಸುವ ಕೆಲಸ. ಊರಾದ ಯೆರೂಸಲೇಮಿನ ಗೋಡೆ ಬಿದ್ದಿದೆ, ಅಲ್ಲಿನ ಜನ ಕಷ್ಟದಲ್ಲಿದ್ದಾರೆ ಎಂಬ ಸುದ್ದಿಯನ್ನು ಸಹೋದರನು ಬಂದು ಹೇಳಿದ. ದಿನಗಟ್ಟಲೆ ಅತ್ತು ಉಪವಾಸ ಮಾಡಿದರೂ ಕೆಲಸಕ್ಕೆ ಹೋಗಲೇಬೇಕಲ್ಲ. ಒಂದು ದಿನ ಬಡಿಸುತ್ತಿರುವಾಗ ರಾಜನು, ಮುಖವೇಕೆ ಬಾಡಿದೆ ಎಂದು ಕೇಳಿಬಿಟ್ಟ. ನೆಹೆಮೀಯನಿಗೆ ಬಹಳ ಭಯವಾಯಿತು. ಆದರೂ ಕಾರಣ ಹೇಳಿದ. ಹಾಗಾದರೆ ನಿನಗೇನು ಬೇಕು ಎಂದು ರಾಜನು ಮತ್ತೆ ಕೇಳಿದಾಗ, ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ದೇವರನ್ನು ಪ್ರಾರ್ಥಿಸಿದನೆಂದು ಸತ್ಯವೇದ ಹೇಳುತ್ತದೆ. ಒಂದು ಉಸಿರಿನಷ್ಟು ಸಮಯ ಸಿಕ್ಕಿರಬೇಕು. ಪ್ರಾರ್ಥನೆಯ ಮಾತುಗಳೂ ದಾಖಲಾಗಿಲ್ಲ.

ಅನಂತರ ಆತನು ಮಾಡಿದ್ದು ಗಮನಾರ್ಹ. ರಜೆ ಕೇಳಿದ, ಎಷ್ಟು ದಿನವೆಂದು ಅವಧಿಯನ್ನೂ ತಿಳಿಸಿದ. ದಾರಿಯ ಅಧಿಕಾರಿಗಳಿಗೆ ಪತ್ರ ಕೇಳಿದ, ತೊಲೆಗಳಿಗೆ ಮರವನ್ನೂ ಕೇಳಿದ. ಬಾಯಿ ಬಿಟ್ಟು ಕೇಳುವ ಧೈರ್ಯ ಆ ಗಳಿಗೆಯ ಪ್ರಾರ್ಥನೆಯಿಂದ ಬಂತು ಎನ್ನಲು ಅಡ್ಡಿಯಿಲ್ಲ. ಸುಪರ್‌ವೈಸರ ಬಳಿ ಎರಡು ದಿನದ ರಜೆ ಕೇಳಲಾಗದೆ ಬಚ್ಚಲ ಮನೆಯಲ್ಲಿ ಮುಖ ತೊಳೆದುಕೊಂಡು ಬರುವ ಯುವಕನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇನ್ನು ಪ್ರಾರ್ಥನೆ ಯಾವ ಭಾಷೆಯಲ್ಲಿರಬೇಕು, ಎಷ್ಟು ಮರ್ಯಾದೆಯದಾಗಿರಬೇಕು ಎಂಬ ಮಾತು. ಯೇಸುವು ಶಿಲುಬೆಯ ಮೇಲೆ ಹಗಲು ಮೂರು ಗಂಟೆಯ ಹೊತ್ತಿಗೆ ಕೂಗಿ ಕೇಳಿದ್ದು, ದೇವರು ತನ್ನನ್ನು ಕೈಬಿಟ್ಟದ್ದೇಕೆ ಎಂದು. ಮಾರ್ಕನ ಸುವಾರ್ತೆ ಆ ಕೂಗನ್ನು ಅರಮಾಯ ಭಾಷೆಯಲ್ಲೇ, ಅಂದರೆ ಆತನ ಮನೆಮಾತಿನಲ್ಲೇ ಉಳಿಸಿಕೊಂಡಿದೆ. ಕೀರ್ತನೆಗಳಲ್ಲಿ ದೊಡ್ಡ ಪಾಲು ದೂರು, ಅಳಲು. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಆದ್ದರಿಂದ ಇಲ್ಲಿನ ಸಭೆಗಳಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಆರಾಧನೆಗೆ ಹೊಂದಿಕೊಂಡವರು ಸಂಕಟದ ಹೊತ್ತಿನಲ್ಲಿ ಧಾರವಾಡದ ಕನ್ನಡದಲ್ಲೋ ಮಂಗಳೂರಿನ ಕನ್ನಡದಲ್ಲೋ ಸಿಟ್ಟಿನಿಂದಲೇ ಎರಡು ಮಾತು ಹೇಳಿದರೆ ಅದು ಕೊರತೆಯ ಪ್ರಾರ್ಥನೆಯಾಗದು.

ಇಷ್ಟಾಗಿಯೂ ಬೇಸರದ ಒಂದು ಸಂಗತಿಯಿದೆ. ಯಾರಾದರೂ ಕಷ್ಟ ಹೇಳಿಕೊಂಡರೆ "ಪ್ರಾರ್ಥನೆ ಮಾಡಿ, ಎಲ್ಲಾ ಸರಿ ಹೋಗುತ್ತದೆ" ಎಂದು ಭುಜ ತಟ್ಟಿ ಚಪ್ಪಲಿ ಹುಡುಕುವವರು ಎಲ್ಲ ಸಭೆಗಳಲ್ಲೂ ಸಿಗುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ, ವಿಶ್ವಾಸ ಸಾಲದು ಎಂದು ತೀರ್ಪನ್ನೇ ಕೊಡುತ್ತಾರೆ. ಪ್ರಾರ್ಥನೆಯನ್ನು ಮುದ್ದತು ಠೇವಣಿಯಂತೆ ಕಾಣುವ ಲೆಕ್ಕ ಇದು. ಇಷ್ಟು ಹಾಕಿದರೆ ಇಷ್ಟು ಬರುತ್ತದೆ, ಬರದಿದ್ದರೆ ಹಾಕಿದ್ದು ಕಡಿಮೆ! ಮೊದಲೇ ಕುಗ್ಗಿದವನ ಮೇಲೆ ಇನ್ನೊಂದು ಸಾಲ ಹೊರಿಸಿದಂತೆ.

ನಾಸಿಕದ್ದೇ ಒಂದು ಇತಿಹಾಸ ಇಲ್ಲಿ ನೆನಪಾಗುತ್ತದೆ. ಶಹರದ ಶರಣಪುರದಲ್ಲಿ ಚರ್ಚ್ ಮಿಷನರಿ ಸೊಸೈಟಿಯವರು 1850ರ ದಶಕದಲ್ಲಿ ಕಟ್ಟಿದ ನೆಲೆಯಲ್ಲಿ, ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕದ ಮಕ್ಕಳು ಓದು, ಕಸುಬು ಕಲಿತರು. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್. 1873ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಇಂದಿನ ಜಾಂಬಿಯಾದ ಹಳ್ಳಿಯೊಂದರಲ್ಲಿ ಹಾಸಿಗೆಯ ಬದಿಗೆ ಮೊಣಕಾಲೂರಿದ ಸ್ಥಿತಿಯಲ್ಲಿ ತೀರಿಕೊಂಡಾಗ, ಅವರ ಹೃದಯವನ್ನು ಮರದ ಕೆಳಗೆ ಹೂಳಿ ಪ್ರಾರ್ಥನೆ ಓದಿದವನು ಈತನೇ. ಓದಿ ಮುಗಿಸಿ ಸುಮ್ಮನಾಗಲಿಲ್ಲ. ಸಂಗಡಿಗರೆಲ್ಲ ಸೇರಿ ಶವವನ್ನು ತಿಂಗಳುಗಟ್ಟಲೆ ಹೊತ್ತು ನಡೆದು ಕಡಲ ತೀರ ಮುಟ್ಟಿಸಿದರು.

ಸಾತಪುರದಲ್ಲಿ ಹೊರಬೇಕಾದ ಭಾರ ಅಷ್ಟು ದೊಡ್ಡದಲ್ಲ. ರಾತ್ರಿ ಪಾಳಿಯವರು ಬರಲಾಗದ ಸಂಜೆಯ ಕೂಟದ ಜೊತೆಗೆ ಹಗಲು ಹೊತ್ತಿನಲ್ಲಿ ಫೋನ್ ಎತ್ತುವ ಇಬ್ಬರ ಹೆಸರು ಗೊತ್ತಿದ್ದರೆ ಸಾಕು. ಇದು ಸಭೆಯ ಕೆಲಸ ಎಂದು ಕನ್ನಡ ಸಂಘದ ಪದಾಧಿಕಾರಿಗಳು ದೂರ ಸರಿಯಬೇಕಾಗಿಲ್ಲ. ಆಸ್ಪತ್ರೆಗೆ ಜೊತೆಯಾಗಿ ಹೋಗಲು, ಊರಿಗೆ ಟಿಕೆಟ್ ಮಾಡಿಸಿಕೊಡಲು ಜಾತಿ-ಮತದ ಪ್ರಶ್ನೆ ಬಾರದು. ಜೀವವೇ ಬೇಡವೆನಿಸುವಷ್ಟು ಮನಸ್ಸು ಕುಸಿದವರಿಗೆ ಪ್ರಾರ್ಥನೆಯೊಂದಿಗೆ ವೈದ್ಯರೂ ಬೇಕು. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಕರೆ ಉಚಿತ, ಹಗಲು-ರಾತ್ರಿ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು. ಸಂಘದ ಮುಂದಿನ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಈ ಸಂಖ್ಯೆಗೆ ಒಂದು ಸಾಲು ಜಾಗ ಸಿಕ್ಕೀತು.