ಬುಟ್ಟಿಯ ಚಿತ್ತಾರ

ಕೈಗೆ ಕುಂಚ ಬಂದ ಮೇಲೆಯೇ ಚಿತ್ರ ಆರಂಭವಾಗುತ್ತದೆಂದು ಹಲವರು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ.

ಶಿಕಾರಿಪುರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗಾಗಿ ಹೆಂಗಸರು ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ತೆನೆ ಹೊತ್ತ ಭೂಮಿತಾಯಿಯನ್ನು ಬಸುರಿಯೆಂದು ತಿಳಿದು, ಆಕೆಯ ಬಯಕೆಯ ಅಡಿಗೆಯನ್ನು ಗದ್ದೆಗೆ ಒಯ್ಯುವುದು ಈ ಬುಟ್ಟಿಯಲ್ಲಿಯೇ. ವಿಜಯದಶಮಿ ಕಳೆದರೆ ಹುಣ್ಣಿಮೆಗೆ ಐದೇ ದಿನ, ತಿಥಿಯನ್ನು ಮುಂದೂಡುವಂತಿಲ್ಲ. ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಬೇಕು. ಕೆಮ್ಮಣ್ಣು ಬಳಿದು ಮತ್ತೆ ಒಣಗಿಸಬೇಕು. ನೆನೆಸಿದ ಅಕ್ಕಿಯನ್ನು ಅರೆದರೆ ಬಿಳಿ, ಕರಿಕಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚಕ್ಕೆ ಪುಂಡಿ ನಾರು ಬೇಕು.

ನಿವೃತ್ತನಾದ ವರ್ಷ ನಾನೂ ಒಂದು ಬುಟ್ಟಿ ಬರೆಯುವೆನೆಂದು ಪಣತೊಟ್ಟೆ. ಹಬ್ಬದ ಹಿಂದಿನ ಸಂಜೆ ಕುಳಿತೆ. ಕೆಮ್ಮಣ್ಣು ಆರಿರಲಿಲ್ಲ, ಎಳೆದ ಗೆರೆಯೆಲ್ಲ ಹರಡಿತು. ನೆರೆಮನೆಯ ಅಜ್ಜಿ, "ಮೇಷ್ಟ್ರೇ, ನಾಳೆ ಹಬ್ಬವೆಂದು ನಿಮಗೆ ಇವತ್ತು ಗೊತ್ತಾಯಿತೇ?" ಎಂದು ನಕ್ಕರು.

ಅಂಗಡಿಯ ಬಣ್ಣ ತಂದರೆ ಈ ತೊಡಕಿಲ್ಲವೆಂದು ಕೆಲವರು ವಾದಿಸುತ್ತಾರೆ. ಬಿಡುವಿಲ್ಲದವರು ತರಲಿ, ಆಕ್ಷೇಪವಿಲ್ಲ. ಆದರೆ ಸಿದ್ಧತೆಯನ್ನು ಚಿತ್ರದಿಂದ ಬೇರೆಮಾಡಲು ನಾನು ಒಪ್ಪಲಾರೆ. ಮಣ್ಣು ಆರುವುದನ್ನು ಕಾಯುತ್ತ ಮಗಳು ತಾಯಿಯ ಪಕ್ಕದಲ್ಲಿ ಕುಳಿತಿರುತ್ತಾಳೆ. ಯಾವ ಗೆರೆಯ ನಂತರ ಯಾವುದೆಂದು ಆಕೆ ಕೇಳಿ ತಿಳಿಯುವುದು ಆಗಲೇ. ಒಂದೇ ಸಂಜೆಯಲ್ಲಿ ಮುಗಿಯುವ ಬುಟ್ಟಿಯ ಬಳಿ ಅಷ್ಟು ಹೊತ್ತು ಯಾರು ಕೂರುತ್ತಾರೆ?

ಈ ಸಲ ನವರಾತ್ರಿಗೆ ಮುಂಚೆಯೇ ನನ್ನ ಬುಟ್ಟಿ ಅಂಗಳದ ಬಿಸಿಲಿನಲ್ಲಿದೆ. ಅಜ್ಜಿ ಕೊಟ್ಟ ಪುಂಡಿ ನಾರು ಜಗಲಿಯ ಗೂಟದಲ್ಲಿ ತೂಗುತ್ತಿದೆ.