ಆ ಗುಂಡಿಗೆ ಕೈ ಹಚ್ಚಬ್ಯಾಡ್ರಿ

ನಮ್ಮತ್ತೀನ್ನ ಮಾತಾಡಸ್ಲಿಕ್ಕೆ ಬರೋ ಎಲ್ಲಾ ವೈನಿಗಳಿಗೂ, ಓಣಿ ಕಾಕುಗಳಿಗೂ ಕೈ ಮುಗದು ಒಂದು ಮಾತು ಹೇಳ್ತೀನಿ. ಬರ್ರಿ, ಚಹಾ ಕುಡೀರಿ, ಬೇಕಾದಷ್ಟು ಹೊತ್ತು ಕೂಡ್ರಿ. ಆದ್ರ ಆ ಆಕ್ಸಿಜನ್ ಮಷೀನಿನ ಗುಂಡಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.

"ಪಾಪ, ಎಷ್ಟು ತೇಕತಾರ, ಇನ್ನೊಂಚೂರು ಜಾಸ್ತಿ ಬಿಡವಾ" ಅಂತ ಬಂದವರೆಲ್ಲಾ ಅಂತೀರಿ. ಪ್ರೀತೀಲೇನ ಅಂತೀರಿ, ಗೊತ್ತದ. ಆದ್ರ ಬಿಪಿ ಗುಳಗಿ ಒಂದರ ಬದ್ಲಿ ಮೂರು ನುಂಗಸ್ರಿ ಅಂತ ಯಾರರ ಹೇಳ್ತೀರೇನು? ಆಕ್ಸಿಜನ್ನೂ ಔಷಧನ. ಅದಕ್ಕೂ ಅಳತಿ ಅದ.

ನಾನೇನು ದೊಡ್ಡ ಶಾಣ್ಯಾಕಿ ಅಂತ ಬರೀಲಿಕತ್ತಿಲ್ಲ. ಹೋದ ಚಳಿಗಾಲದಾಗ ಗುಂಡಿ ತಿರುವಿದ ಕೈ ನಂದ. ಡಾಕ್ಟರು ಬರದಿದ್ದು ನಿಮಿಷಕ್ಕ ಒಂದೂವರಿ ಲೀಟರ್. ಬಂದವರ ಮಾತು ಕೇಳಿ ನಾಲ್ಕಕ್ಕ ಇಟ್ಟೆ. ಬೆರಳಿಗೆ ಹಚ್ಚೋ ಮೀಟರ್ 97 ತೋರಿಸ್ತು, ಪರೀಕ್ಷಾದಾಗ ಪಾಸಾದಂಗ ಖುಷಿಪಟ್ಟೆ. ಸಂಜಿಗೆ ಅತ್ತಿ ಮಲಗಿದ್ರು. ಚಲೋ ನಿದ್ದಿ ಹತ್ತೇದ ಅಂದ್ಕೊಂಡ್ವಿ. ಊಟಕ್ಕ ಎಬ್ಬಿಸಿದ್ರ ಏಳವಲ್ರು, ಮಾತು ತೊದಲತಿತ್ತು, ನನ್ನ ಹೆಸರೂ ನೆನಪಿಲ್ಲ. ದವಾಖಾನಿಯೊಳಗ ಎರಡು ರಾತ್ರಿ ಬಿಗಿ ಮಾಸ್ಕ್ ಹಾಕಿ ಉಸಿರಾಡಿಸಿದ್ರು. "ಎಷ್ಟು ಲೀಟರ್ ಇಟ್ಟಿದ್ರಿ?" ಅಂತ ಡಾಕ್ಟರು ಕೇಳಿದಾಗ ನಾ ನೆಲಾ ನೋಡ್ಕೋತ ನಿಂತಿದ್ದೆ.

ನಮ್ಮತ್ತಿಗಿರೋದು ಸಿಒಪಿಡಿ. ಬೀಡಿ ಸೇದಿ ಬಂದದ್ದಲ್ಲ, ನಲವತ್ತು ವರ್ಷ ಕಟಗಿ ಒಲಿ ಊದಿ ಬಂದದ್ದು. ಇಂಥಾ ಕೆಲವು ಮಂದಿಗೆ ಆಕ್ಸಿಜನ್ ಹೆಚ್ಚಾದ್ರ ರಕ್ತದಾಗ ಇಂಗಾಲದ ಡೈಆಕ್ಸೈಡ್ ಕೂಡ್ಕೋತದ. ಬೆಳಿಗ್ಗೆ ತಲಿನೋವು, ವಿಪರೀತ ನಿದ್ದಿ, ಗೊಂದಲ, ಕೈ ನಡುಗೋದು ಅದರ ಗುರ್ತು. ಅದಕ್ಕ ಇವರಿಗೆ ಸಾಮಾನ್ಯವಾಗಿ 88ರಿಂದ 92ರೊಳಗ ಇದ್ರ ಸಾಕು ಅಂತಾರ. ನ್ಯುಮೋನಿಯಾ ಆದವರ ಲೆಕ್ಕ ಬ್ಯಾರೆ, ಅವರಿಗೆ 94ರ ಮ್ಯಾಲೆ ಬೇಕಾಗ್ತದ. ನಿಮ್ಮ ಮಾವಗ ಐದು ಲೀಟರ್ ಇಟ್ಟಿದ್ರು ಅಂತ ನಮ್ಮತ್ತಿಗೂ ಐದು ಆಗೂದಿಲ್ಲ. ನಳಗಿ ತಗದು ಸಾದಾ ಮಾಸ್ಕ್ ಹಾಕೋ ಉಪಕಾರಾನೂ ಬ್ಯಾಡ. ಐದು ಲೀಟರಿಗಿಂತ ಕಡಿಮಿ ಇದ್ರ ಬಿಟ್ಟ ಉಸಿರನ್ನ ಮತ್ತ ಒಳಗ ಎಳಕೊಳ್ಳೋಹಂಗ ಆಗ್ತದ.

ಇನ್ನೊಂದಿಷ್ಟು ಮಂದಿ ಉಲ್ಟಾ. "ಚಟ ಹತ್ತತದ, ಕರೆಂಟ್ ಬಿಲ್ ಬರ್ತದ, ಆಗಾಗ ಬಂದ್ ಮಾಡು" ಅಂತೀರಿ. ಇದು ಚಟ ಹತ್ತೋ ವಸ್ತು ಅಲ್ಲರೀ. ರಕ್ತದಾಗ ಆಕ್ಸಿಜನ್ ಕಾಯಂ ಭಾಳ ಕಡಿಮಿ ಇರೋ ಇಂಥಾ ರೋಗಿಗಳು ದಿನಕ್ಕ 15 ತಾಸರ ಹಚ್ಚಿಕೊಂಡ್ರ ಹೆಚ್ಚು ದಿನ ಬದುಕ್ತಾರ ಅಂತ 1980-81ರಾಗನ ಅಮೆರಿಕಾ, ಬ್ರಿಟನ್ನಿನ ಅಧ್ಯಯನಗಳು ತೋರಿಸ್ಯಾವ. ಬಿಲ್ ನಾವು ಕಟ್ಟತೀವಿ.

ದೀಪದ ವಿಷಯಕ್ಕ ಸಿಟ್ಟಾಗಬ್ಯಾಡ್ರಿ. ಆಕ್ಸಿಜನ್ ತಾನು ಉರಿಯೂದಿಲ್ಲ, ಆದ್ರ ಬಾಜೂಕಿದ್ದದ್ದನ್ನ ಭಗ್ಗನ ಉರಸ್ತದ. ಸೀರಿ, ಹಾಸಿಗಿಯೊಳಗೂ ಸೇರ್ಕೊಂಡಿರ್ತದ. ಊದಿನಕಡ್ಡಿ, ಆರತಿ, ಒಲಿ ಎಲ್ಲಾ ಮೂರು ಮೀಟರರ ದೂರ ಇರ್ಲಿ. ಮೂಗು ಒಣಗೇದಂತ ವ್ಯಾಸಲೀನ್, ಕೊಬ್ಬರಿ ಎಣ್ಣಿ ಹಚ್ಚಬ್ಯಾಡ್ರಿ. ನೀರಿನ ಜೆಲ್ ನಾನ ಹಚ್ಚತೀನಿ.

ಕರೆಂಟ್ ಹೋದಾಗಂತ ಸಣ್ಣ ಸಿಲಿಂಡರ್ ಇಟ್ಟೀವಿ, ಅದರಾಗ 1,500 ಲೀಟರ್ ಹಿಡಸ್ತದ. ಒಂದೂವರಿಯಂಗ ಬಿಟ್ರ 16 ತಾಸಿನ ಮ್ಯಾಲೆ ಬರ್ತದ, ನಾಲ್ಕರಂಗ ಬಿಟ್ರ ಆರು ತಾಸಿಗೆ ಖಾಲಿ. ಪ್ರೀತಿ ಜಾಸ್ತಿ ಆದ್ರ ಅರ್ಧ ರಾತ್ರಿ ಸಿಲಿಂಡರೂ ಇರೂದಿಲ್ಲ.

ನನ್ನ ಜಗಳ ನಿಮ್ಮ ಜೋಡಿ ಅಷ್ಟ ಅಲ್ಲ. ಡಿಸ್ಚಾರ್ಜ್ ದಿನ ಲೀಟರಿನ ಮಾತೆಲ್ಲಾ ಕೌಂಟರ್‌ನ್ಯಾಗ ರೊಕ್ಕಾ ಕಟ್ಟೋ ಗಂಡಸರಿಗೆ ಹೇಳಿದ್ರು, ಇಂಗ್ಲಿಷ್ ಚೀಟಿ ಅವರ ಕಿಸೆಕ್ಕ ಹೋತು. ರಾತ್ರಿ ಹಗಲಿ ಬಾಜೂಕ ಕೂಡೋ ನಮಗ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಕೇಳೇನಿ. ಕೂತಾಗ ಎಷ್ಟು, ಮಲಗಿದಾಗ ಎಷ್ಟು, ನಡದಾಗ ಎಷ್ಟು, ಮೀಟರ್ ಎಷ್ಟರೊಳಗ ಇರಬೇಕು, ಯಾವಾಗ ಫೋನ್ ಮಾಡಬೇಕು, ಎಲ್ಲಾ ಕನ್ನಡದಾಗ ಬರದು ಮಷೀನಿಗೆ ಅಂಟಿಸೇನಿ. ನಿಮ್ಮ ಮನ್ಯಾಗ ಮಷೀನ್ ಬಂದ್ರ ಮೊದ್ಲು ಇದನ್ನ ಕೇಳ್ರಿ.

ನಾ ಒಳಗ ಅಡಗಿ ಮನ್ಯಾಗಿದ್ದಾಗ ಅತ್ತಿ ತೇಕಿದ್ರ ನನ್ನ ಕೂಗ್ರಿ. ನಳಗಿ ಮಡಚೇದೇನು, ಕರೆಂಟ್ ಹೋಗೇದೇನು ನೋಡ್ರಿ. ತುಟಿ ನೀಲಿ ಆಗಿ ಮಾತು ಹೊರಡದಿದ್ರ 108ಕ್ಕ ಫೋನ್ ಹಚ್ಚರಿ. ಅಷ್ಟರತನಕ ಅತ್ತೀನ್ನ ನೆಟ್ಟಗ ಕೂಡಿಸಿ, ಕೈ ಹಿಡಕೊಂಡು ಕೂಡ್ರಿ.