ಫೋಟೋ ಚಲೋ ಐತಿ, ಮಣಕಾಲ ನೋವು ಯಾಕ ಹೋಗವಲ್ದು?

"ಫೋಟೋದಾಗ ಏನೂ ಇಲ್ಲ" ಅನ್ನಿಸಿಕೊಂಡು ಕುಂಟುತ್ತಲೇ ಮನೆಗೆ ಬರುವ ಅವ್ವಂದಿರು ನಮ್ಮ ತಳಕಲ್ ಸುತ್ತಿನ ಹಳ್ಳಿಗಳಲ್ಲಿ ಬಹಳ. ಎಕ್ಸ್‌ರೇ ಸರಿ ಐತಿ ಅಂದ ಮೇಲೆ ಮನೆಯವರ ಮಾತು ಎರಡೇ: ವಯಸ್ಸಾತು, ಇಲ್ಲಾ ಕೆಲಸಗಳ್ಳತನ. ಎರಡೂ ತಪ್ಪು ಇರಬಹುದು.

ಎಲುಬು ಒಳಗೆ ಕಲ್ಲಿನಂತೆ ಗಟ್ಟಿಯಲ್ಲ. ಸ್ಪಂಜಿನಂತೆ ತೂತುಗಳಿದ್ದು, ಅವುಗಳಲ್ಲಿ ಮಜ್ಜೆ ಇರುತ್ತದೆ. ಪೆಟ್ಟು ಬಿದ್ದಾಗ, ಕೀಲು ಸವೆದಾಗ, ಭಾರ ತಾಳದೆ ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಾಗ ಅಥವಾ ರಕ್ತ ಸರಿಯಾಗಿ ಹರಿಯದಾಗ ಆ ಮಜ್ಜೆಯಲ್ಲಿ ನೀರು ತುಂಬಿ ಬಾವು ಬರುತ್ತದೆ. ಡಾಕ್ಟರು ಇದಕ್ಕೆ ಬೋನ್ ಮ್ಯಾರೋ ಎಡಿಮಾ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಎಲುಬಿನ ಗಟ್ಟಿ ಭಾಗ ಕಾಣುತ್ತದೆ, ಒಳಗಿನ ಈ ನೀರು ಕಾಣುವುದಿಲ್ಲ. ಅದು ಕಾಣುವುದು ಎಂಆರ್‌ಐಯಲ್ಲಿ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೋರಿನ ನೀರಿನ ಫ್ಲೋರೈಡ್‌ನಿಂದಲೂ ಕೀಲು ಹಿಡಿಯುತ್ತವೆ, ನಿಜ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು. ಆದರೆ ಎಲ್ಲ ಮಣಕಾಲ ನೋವನ್ನೂ ನೀರಿನ ಮೇಲೆ ಹಾಕಿ ಸುಮ್ಮನಾಗುವುದು ಸರಿಯಲ್ಲ.

ಮೆಡಿಕಲ್ ಶಾಪಿನ ಗುಳಿಗೆ, ವಾರಕ್ಕೊಂದು ಸೂಜಿ, ಮತ್ತೆ ಹೊಲ. ಇದೇ ನಮ್ಮ ರೂಢಿ. ನೋವು ಮರೆಯುತ್ತದೆ, ಎಲುಬು ಮಾಯುವುದಿಲ್ಲ. ಸ್ಟೆರಾಯ್ಡ್ ಇರುವ ಔಷಧಿ ಬಹಳ ದಿನ ತಗೊಂಡರೆ ಎಲುಬೇ ಟೊಳ್ಳಾಗುತ್ತದೆ.

ಈ ಬಾವಿಗೆ ದೊಡ್ಡ ಔಷಧಿ ಅಂದರೆ ಕಾಲಿನ ಮೇಲಿನ ಭಾರ ಇಳಿಸುವುದು. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಕೋಲು ಹಿಡಿದು ನಡೆಯಬೇಕು, ಕುಕ್ಕರಗಾಲಲ್ಲಿ ಕೂಡಬಾರದು, ತಲೆ ಮೇಲೆ ಕೊಡ ಹೊರಬಾರದು. ಹೇಳುವುದು ಸುಲಭ. ಕಳೆ ತೆಗೆಯಲು, ಕಡಲಿ ಕೀಳಲು ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಮನೆಯಲ್ಲೇ ಉಳಿದರೂ ನೀರು, ಕಸ, ರೊಟ್ಟಿ ಅವಳ ಪಾಲಿಗೇ.

ಅದಕ್ಕೇ ಇದು ಬರೀ ದವಾಖಾನೆಯ ಮಾತಲ್ಲ, ಮನೆಯ ಮಾತು ಅಂತ ನಾವು ಹೇಳುತ್ತೇವೆ. ಡಾಕ್ಟರು ವಿಶ್ರಾಂತಿ ಬರೆದರೆ ಅದನ್ನೂ ಗುಳಿಗೆಯಂತೆಯೇ ಲೆಕ್ಕ ಹಿಡಿಯಿರಿ. ಕೊಡ ಮಗ ಹೊರಲಿ, ಕಸ ಗಂಡ ಹೊಡೆಯಲಿ.

ಎಲ್ಲರಿಗೂ ಎಂಆರ್‌ಐ ಬೇಕಿಲ್ಲ, ಅದು ದುಬಾರಿ. ಆದರೆ ವಾರಗಳಾದರೂ ನೋವು ಇಳಿಯದಿದ್ದರೆ, ರಾತ್ರಿ ನಿದ್ದೆ ಕೆಡಿಸಿದರೆ ಜಿಲ್ಲಾ ಆಸ್ಪತ್ರೆಯ ಎಲುಬಿನ ಡಾಕ್ಟರಿಗೆ ತೋರಿಸಿ, "ಎಲುಬಿನ ಒಳಗೆ ಬಾವು ಇರಬಹುದಾ?" ಅಂತ ಕೇಳಿ. ಜ್ವರ ಬಂದು ಮಣಕಾಲು ಕೆಂಪಾಗಿ ಊದಿದರೆ ಅವತ್ತೇ ಹೋಗಿ.

ಫೋಟೋದಾಗ ಕಾಣಲಿಲ್ಲ ಅಂದರೆ ನೋವು ಸುಳ್ಳಲ್ಲ. ಮೊದಲು ಅವ್ವನ ಮಾತು ನಂಬೋಣ.